ಕೊನೆಯವರೆಗೂ ಒತ್ತದ ಕೈ

ಸಿರಿಂಜು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕ್ಲಿಪ್ಪಮ್ಮ ಎಂದೇ ಕರೆಯುತ್ತಿದ್ದರು. ಉಗುರಿನ ತುದಿಯಷ್ಟು ಚಿಕ್ಕದಾದ ಉಕ್ಕಿನ ಕ್ಲಿಪ್ಪುಗಳು ಅವಳ ಮೇಜಿನ ಮೇಲೆ ಮಾತ್ರವಲ್ಲ, ಜೇಬಿನಲ್ಲಿ, ಪರ್ಸಿನಲ್ಲಿ, ಒಮ್ಮೊಮ್ಮೆ ಊಟದ ಡಬ್ಬಿಯ ಮುಚ್ಚಳದಲ್ಲೂ ಸಿಗುತ್ತಿದ್ದವು. "ಊಟದ ಜೊತೆ ಒಂದು ನುಂಗಿಬಿಟ್ಟೀಯ, ಆಮೇಲೆ ನಿನ್ನ ಗಂಟಲೇ ಲಾಕ್ ಆಗುತ್ತೆ" ಎಂದು ಕ್ಯಾಂಟೀನಿನಲ್ಲಿ ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಕೆಲಸದ ಬಗ್ಗೆ ಎಷ್ಟು ಬೇಕಾದರೂ ಮಾತಾಡುವವಳು ಮನೆಯ ಬಗ್ಗೆ ಮಾತು ಬಂದರೆ ಮಾತ್ರ ಡಬ್ಬಿ ತೊಳೆಯಲು ಎದ್ದು ಹೋಗುತ್ತಿದ್ದಳು.

ಅವಳಿಗೆ ಒಪ್ಪಿಸಿದ್ದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಒಬ್ಬರಿಗೆ ಚುಚ್ಚಿದ ಮೇಲೆ ಇನ್ನೊಬ್ಬರಿಗೆ ಚುಚ್ಚಲು ಬಾರದ ಸಿರಿಂಜು ಬೇಕಿತ್ತು. ಬಳಸಿ ಬಿಸಾಡಿ ಎಂದು ಪೊಟ್ಟಣದ ಮೇಲೆ ಎಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೂ ತೊಳೆದು ಮತ್ತೆ ಬಳಸುವವರು ಇದ್ದೇ ಇದ್ದರು. ಹಾಗಾಗಿ ಸಿರಿಂಜೇ ಎರಡನೇ ಸಲ ಕೈಕೊಡುವಂತೆ ಮಾಡಬೇಕಾಗಿತ್ತು. ಅವಳು ಕೊಳವೆಯ ತಳದಲ್ಲಿ ಒಂದು ಕ್ಲಿಪ್ಪು ಕೂರಿಸಿದ್ದಳು. ಮದ್ದು ಒತ್ತುವ ಕಡ್ಡಿ ತಳ ಮುಟ್ಟಿದ ಕೂಡಲೇ ಕ್ಲಿಪ್ಪು ಅದರ ತಲೆಯನ್ನು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಹಿಂದಕ್ಕೆ ಎಳೆದರೆ ಕಡ್ಡಿ ಪಟ್ಟನೆ ಮುರಿದು ಕೈಗೆ ಬರುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅವಳಿಗೆ ಎದೆಯ ಭಾರ ಒಂದಿಷ್ಟು ಇಳಿದಂತೆ ಆಗುತ್ತಿತ್ತು. ಯಾಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಕೆಲಸಕ್ಕೆ ಸೇರುವಾಗ ಮ್ಯಾನೇಜರು ಮಾತಿಗೆ ಕೇಳಿದ್ದರು, "ಅಪ್ಪ ಏನು ಮಾಡ್ತಾರೆ?"

"ಇಲ್ಲ ಸರ್. ತೀರಿಕೊಂಡ್ರು."

ಅವಳು ಅದನ್ನು ಮೊದಲೇ ಯೋಚಿಸಿಕೊಂಡು ಹೋಗಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟಳು. ಅಂದು ಬೆಳಿಗ್ಗೆ ಅವಳ ಬಟ್ಟೆಗೆ ಇಸ್ತ್ರಿ ಹಾಕಿದವರು, ಬಸ್ ನಿಲ್ದಾಣದವರೆಗೆ ಬಂದು ಅವಳಿಗೆ ಕೂರಲು ಜಾಗ ಸಿಕ್ಕಿತೋ ಇಲ್ಲವೋ ಎಂದು ಕಿಟಕಿಗಳಲ್ಲೆಲ್ಲ ಇಣುಕಿ ನೋಡಿದವರು ಅದೇ ಅಪ್ಪ. ಮ್ಯಾನೇಜರು ಒಳ್ಳೆಯ ಮನುಷ್ಯ. ಅಯ್ಯೋ ಪಾಪ ಎಂದು ನೀರು ತರಿಸಿ ಕೊಟ್ಟರು. ಅವಳು ಆ ನೀರನ್ನು ಪೂರ್ತಿ ಕುಡಿದಳು.

ಅಪ್ಪ ಡಾಕ್ಟರಾಗಿರಲಿಲ್ಲ. ಒಬ್ಬ ಡಾಕ್ಟರ ಬಳಿ ವರ್ಷಾನುಗಟ್ಟಲೆ ಕಾಂಪೌಂಡರಾಗಿದ್ದು, ಅವರು ದವಾಖಾನೆ ಮುಚ್ಚಿ ಮಗನ ಮನೆಗೆ ಹೋದ ಮೇಲೆ ಅದೇ ಬೀದಿಯ ತಿರುವಿನಲ್ಲಿ ಒಂದು ಕೋಣೆ ಹಿಡಿದು ಕೂತವರು. ಜನ ತಾವಾಗಿಯೇ ಸೂಜಿ ಡಾಕ್ಟ್ರು ಎಂದು ಕರೆದರು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಜ್ವರ ಎಂದರೂ ಸೂಜಿ, ಮೈಕೈ ನೋವು ಎಂದರೂ ಸೂಜಿ. ಮಾತ್ರೆ ಬರೆದುಕೊಟ್ಟರೆ ಜನರೇ "ಸೂಜಿ ಹಾಕಲ್ವಾ?" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಹೆಂಡತಿ ಬೇಗ ತೀರಿಹೋದ್ದರಿಂದ ಮಗಳು ಶಾಲೆ ಬಿಟ್ಟ ಮೇಲೆ ಆ ಕೋಣೆಯ ಬೆಂಚಿನಲ್ಲೇ ಕೂತು ಓದಿಕೊಳ್ಳುತ್ತಿದ್ದಳು. ಬಂದವರೆಲ್ಲ ಅವಳ ಕೆನ್ನೆ ಹಿಂಡಿ "ಡಾಕ್ಟ್ರ ಮಗಳು" ಎನ್ನುತ್ತಿದ್ದರು. ಅದನ್ನು ಕೇಳಿದಾಗ ಅವಳು ಬೆಂಚಿನ ಮೇಲೆ ಇನ್ನಷ್ಟು ನೆಟ್ಟಗೆ ಕೂರುತ್ತಿದ್ದಳು.

ಗಾಜಿನ ಸಿರಿಂಜಿನ ಕಾಲ ಹೋಗಿ ಪ್ಲಾಸ್ಟಿಕ್ಕಿನದು ಬಂದಾಗ ತೊಂದರೆ ಹತ್ತಿಕೊಂಡಿತು. ಗಾಜಿನದನ್ನು ಕುದಿಸಬಹುದಿತ್ತು. ಪ್ಲಾಸ್ಟಿಕ್ಕಿನದು ಕುದಿಸಿದರೆ ಸೊಟ್ಟಗಾಗುತ್ತಿತ್ತು. ಎಸೆಯಲು ಮನಸ್ಸು ಬಾರದೆ ಅಪ್ಪ ಅದನ್ನು ಬೆಚ್ಚನೆಯ ನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಒಣಗಿಸಿ, ಮರುದಿನ ಮತ್ತೆ ಹಿಡಿಯುತ್ತಿದ್ದರು. ಸ್ವಲ್ಪ ಕಾಲದಲ್ಲೇ ಆ ಬೀದಿಯಲ್ಲಿ ಒಬ್ಬೊಬ್ಬರದಾಗಿ ಕಣ್ಣು ಹಳದಿಯಾಗತೊಡಗಿತು. ಮೊದಮೊದಲು ನೀರಿನ ದೋಷ ಅಂದುಕೊಂಡರು. ಆರೋಗ್ಯ ಇಲಾಖೆಯವರು ಬಂದು ಮನೆಮನೆಯಲ್ಲೂ ರಕ್ತ ತೆಗೆದರು. ಈಲಿಗೆ ರೋಗ ತಗುಲಿದವರೆಲ್ಲ ಸೂಜಿ ಡಾಕ್ಟ್ರ ಬೆಂಚಿನ ಮೇಲೆ ಕೂತು ಹೋದವರೇ. ಕೆಲವರು ಚೇತರಿಸಿಕೊಂಡರು. ಕೆಲವರು ಚೇತರಿಸಿಕೊಳ್ಳಲಿಲ್ಲ. ಕೋಣೆಗೆ ಬೀಗ ಬಿತ್ತು, ವಿಚಾರಣೆ ನಡೆಯಿತು, ಅಪ್ಪ ಒಂದಿಷ್ಟು ಕಾಲ ಒಳಗಿದ್ದು ಬಂದರು. ಅಷ್ಟು ದಿನ ಅತ್ತೆಯ ಮನೆಯಲ್ಲಿದ್ದ ಮಗಳನ್ನು ಕರೆದುಕೊಂಡು, ತಮ್ಮನ್ನು ಯಾರೂ ಅರಿಯದ ಇನ್ನೊಂದು ಬಡಾವಣೆಗೆ ಹೋಗಿ ಸೇರಿಕೊಂಡರು. ಅಲ್ಲೊಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ ಮಾಡಿದರು. ಅಂದಿನಿಂದ ಆ ಮನೆಯಲ್ಲಿ ಸೂಜಿಯ ಮಾತು ನಿಂತುಹೋಯಿತು. ಗುಂಡಿ ಹೊಲಿಯಬೇಕಾದರೂ ಮಗಳು ಸೂಜಿದಾರವನ್ನು ತನ್ನ ಕೋಣೆಗೆ ಒಯ್ದು ಹೊಲಿಯುತ್ತಿದ್ದಳು.

ಮಗಳು ಸಿರಿಂಜು ಕಾರ್ಖಾನೆಗೆ ಸೇರಿದಳೆಂದು ತಿಳಿದಾಗ ಅಪ್ಪ "ಹೂಂ" ಎಂದು ಅನ್ನ ಕಲಸಿದರು.

ಆ ಭಾನುವಾರ ಬೆಳಿಗ್ಗೆ ಅವಳು ಮಾದರಿ ಸಿರಿಂಜುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಲೋಟದಲ್ಲಿ ನೀರಿಟ್ಟುಕೊಂಡು ಒಂದೊಂದನ್ನೇ ಪರೀಕ್ಷಿಸುತ್ತಿದ್ದಳು. ವಾರದೊಳಗೆ ಮಾದರಿಗೆ ಒಪ್ಪಿಗೆ ಸಿಗಬೇಕಿತ್ತು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದು ಒಳಗೆ ಓಡಿದಳು. ತಿರುಗಿ ಬಂದಾಗ ಅಪ್ಪ ಮೇಜಿನ ಬಳಿ ನಿಂತಿದ್ದರು. ಕೈಯಲ್ಲಿ ಒಂದು ಸಿರಿಂಜು.

"ಇದೇನಾ ಎರಡನೇ ಸಲ ಬರದೇ ಇರೋದು?"

"ಹೂಂ" ಎಂದಳು. ಅವರು ಅದನ್ನು ಹಿಡಿದ ರೀತಿಯನ್ನೇ ನೋಡುತ್ತಾ ನಿಂತಳು. ಎಷ್ಟು ವರ್ಷವಾದರೂ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ.

ಅಪ್ಪ ನೀರನ್ನು ಎಳೆದುಕೊಂಡರು. ಖಾಲಿ ಬಟ್ಟಲಿಗೆ ಒತ್ತಿದರು. ಮತ್ತೆ ಎಳೆದರು, ಮತ್ತೆ ಒತ್ತಿದರು. ಇನ್ನೊಂದು ಸಲ ಎಳೆದರು. ಕಡ್ಡಿ ಮುರಿಯಲಿಲ್ಲ, ಕ್ಲಿಪ್ಪು ಕಚ್ಚಲಿಲ್ಲ. ಅವಳು ವರ್ಷಗಟ್ಟಲೆ ಕೂತು ಮಾಡಿದ ಬೀಗವನ್ನು ಅವರು ನಿಂತ ನಿಲುವಿನಲ್ಲೇ ದಾಟಿಬಿಟ್ಟಿದ್ದರು.

"ಹೇಗೆ?"

"ಕೊನೆವರೆಗೂ ಒತ್ತಿದ್ರೆ ತಾನೇ ಅದು ಹಿಡ್ಕೊಳ್ಳೋದು? ನಾನು ಕೊನೆವರೆಗೂ ಒತ್ತಲಿಲ್ಲ."

"ಚುಚ್ಚೋವಾಗ ಯಾರಪ್ಪ ಅರ್ಧಕ್ಕೆ ನಿಲ್ಲಿಸ್ತಾರೆ?"

ಅಪ್ಪ ಸಿರಿಂಜನ್ನು ಕೆಂಡ ಮುಟ್ಟಿದವರಂತೆ ಕೆಳಗಿಟ್ಟರು.

"ಅರ್ಧಕ್ಕಲ್ಲ. ಸ್ವಲ್ಪ ಉಳಿಸ್ತಿದ್ದೆ. ಮುಂದಿನವರಿಗೆ ಆಗುತ್ತೆ ಅಂತ. ಶೀಶೆ ಮುಗಿದು ಹೋಗ್ತಿತ್ತು, ಜನ ಮುಗೀತಿರಲಿಲ್ಲ."

ಅವಳು ಕುರ್ಚಿಯಲ್ಲಿ ಕೂತಳು. ತೊಳೆದದ್ದು ಸಾಲದು ಎಂಬುದಷ್ಟೇ ಇಲ್ಲಿಯವರೆಗೆ ಅವಳಿಗೆ ಗೊತ್ತಿತ್ತು. ಅದನ್ನು ಹೇಗೋ ಅರಗಿಸಿಕೊಂಡಿದ್ದಳು. ಬಂದವರಿಗೆಲ್ಲ ಮದ್ದೂ ಕಡಿಮೆ ಹೋಗಿತ್ತು, ಒಬ್ಬರ ಉಳಿಕೆ ಇನ್ನೊಬ್ಬರ ಮೈಗೆ ಹೋಗಿತ್ತು ಎಂಬುದು ಹೊಸದು. ವಿಚಾರಣೆಯಲ್ಲೂ ಇದು ಹೊರಬಂದಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬದಲಿಗೆ ನಾಚಿಕೆ ಬಂತು, ತಾನೇ ಯಾರ ಮುಂದೋ ಸಿಕ್ಕಿಬಿದ್ದ ಹಾಗೆ.

ಮರುದಿನ ಆ ತಪ್ಪನ್ನು ಮ್ಯಾನೇಜರಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ನಕ್ಕರು. "ಇದು ನಿನ್ನ ಭ್ರಮೆ ಅಷ್ಟೆ. ಇಂಥ ಕಿತಾಪತಿ ಯಾರು ಮಾಡ್ತಾರೆ? ಅಚ್ಚು ಬದಲಾಯಿಸೋದು ಅಂದ್ರೆ ಇಡೀ ಲೈನು ನಿಲ್ಲಿಸಬೇಕು. ಯಾರಾದ್ರೂ ನಿಜವಾಗಿ ಹೀಗೆ ಮಾಡ್ತಾರೆ ಅಂತ ತೋರಿಸು, ಆಗ ನೋಡೋಣ."

"ಹಾಗೆ ಮಾಡಿದವರು ಒಬ್ಬರು ಗೊತ್ತು ಸರ್."

"ಯಾರು?"

"ನಮ್ಮ ದೊಡ್ಡಪ್ಪ."

ನಾಲಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಆಡಿಯಾಗಿತ್ತು.

ಮನೆಗೆ ಬಂದು ಅಪ್ಪನಿಗೆ ವಿಷಯ ಹೇಳಿದಳು. ಕಾರ್ಖಾನೆಗೆ ಬಂದು ನಾಲ್ಕು ಜನರೆದುರು ಮಾಡಿ ತೋರಿಸಬೇಕು, ಇಲ್ಲದಿದ್ದರೆ ಈ ತಪ್ಪು ಹಾಗೇ ಉಳಿದುಬಿಡುತ್ತದೆ ಎಂದಳು. ಅಪ್ಪ ಬಹಳ ಹೊತ್ತು ಚಪ್ಪಲಿಯ ಬಾರನ್ನು ಬಿಗಿ ಮಾಡುತ್ತಾ ಕೂತರು. "ಬರ್ತೀನಿ" ಎಂದರು. ಆಮೇಲೆ ಅವಳು, ಗೋಡೆಯ ಕಡೆ ನೋಡುತ್ತಾ, "ಅಲ್ಲಿ ನಿಮ್ಮನ್ನ ದೊಡ್ಡಪ್ಪ ಅಂತ ಹೇಳಿದೀನಿ" ಎಂದಳು.

"ಆಗಲಿ. ಅಣ್ಣ ಇದ್ದಿದ್ರೆ ಅವನೂ ನನ್ನ ಹಾಗೇ ಇರ್ತಿದ್ದ" ಎಂದು ಅಪ್ಪ ನಗಲು ನೋಡಿದರು. ಅಪ್ಪ ತೀರಿಕೊಂಡರೆಂದು ತಾನು ಅಲ್ಲಿ ಹೇಳಿದ್ದ ಸಂಗತಿಯನ್ನು ಅವಳು ತಿಳಿಸಲಿಲ್ಲ.

ಪರೀಕ್ಷಾ ಕೋಣೆ ಬಿಳಿಯ ಟೈಲ್ಸಿನದು, ಕಿಟಕಿಯಿಲ್ಲ, ಟ್ಯೂಬ್‌ಲೈಟಿನ ಬೆಳಕು. ಅದರ ಯಜಮಾನಿಕೆ ಒಬ್ಬ ಹೆಂಗಸಿನದು. ಎಲ್ಲರೂ ಅವಳನ್ನು ಟೆಸ್ಟಿಂಗ್ ಅಕ್ಕ ಎನ್ನುತ್ತಿದ್ದರು. ಕಡಿಮೆ ಮಾತಿನವಳು, ಕಣ್ಣು ಚುರುಕು. ಪ್ರತಿ ಸಿರಿಂಜಿನಿಂದ ಹೊರಬಂದ ನೀರನ್ನು ತಕ್ಕಡಿಯ ಮೇಲಿನ ಬಟ್ಟಲಿಗೆ ಬಿಟ್ಟು, ಗೆರೆ ತೋರಿಸುವಷ್ಟೇ ಬಂತೋ ಇಲ್ಲವೋ ಎಂದು ತೂಗಿ ನೋಡುವುದು ಅವಳ ಕೆಲಸ. ಅವಳು ಒಪ್ಪದ ಮಾದರಿ ಆ ಬಾಗಿಲು ದಾಟುತ್ತಿರಲಿಲ್ಲ.

ಅಪ್ಪ ಮಡಿಕೆ ಕೆಡದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮ್ಯಾನೇಜರು ಅವರನ್ನು ಆದರದಿಂದ ಕುರ್ಚಿಯಲ್ಲಿ ಕೂರಿಸಿದರು. ಟೀ ಹೇಳಿದರು. ಮಾತು ಬೆಳೆಸಬೇಕೆಂದು, "ನಿಮ್ಮ ತಮ್ಮನ ಮಗಳು ತುಂಬ ಚುರುಕು. ಪಾಪ, ಅವರಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ" ಎಂದರು.

ಅಪ್ಪ ಮಗಳ ಕಡೆ ತಿರುಗಿ ನೋಡಲಿಲ್ಲ.

"ಹೌದು. ಖುಷಿಪಡ್ತಿದ್ದ" ಎಂದರು.

ಕ್ಲಿಪ್ಪಮ್ಮನಿಗೆ ಕಿವಿಯವರೆಗೂ ಬಿಸಿ ಏರಿತು. ಮೈಯೆಲ್ಲ ಹಿಡಿಯಷ್ಟಾಗಿ ಗೋಡೆಗೆ ಒರಗಿಕೊಂಡಳು. ಟೆಸ್ಟಿಂಗ್ ಅಕ್ಕ ಸಿರಿಂಜುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿ ಮುದುಕರ ಮುಖವನ್ನೇ ನೋಡುತ್ತಿದ್ದಳು.

"ಶುರು ಮಾಡಿ" ಎಂದು ತಟ್ಟೆಯನ್ನು ಅವರ ಮುಂದೆ ತಳ್ಳಿದಳು.

ಅಪ್ಪ ಶುರು ಮಾಡಿದರು. ಪರೀಕ್ಷೆಗೆಂದು ಇಟ್ಟಿದ್ದ ರಬ್ಬರಿನ ತೋಳಿಗೆ ಚುಚ್ಚುವ ಬದಲು ತಕ್ಕಡಿಯ ಬಟ್ಟಲಿಗೇ ಒತ್ತಿ ಎಂದು ಅಕ್ಕ ಹೇಳಿದಳು. ಅವರು ಗೆರೆಯವರೆಗೆ ಎಳೆದು ಬಟ್ಟಲಿಗೆ ಒತ್ತಿದರು. ಮತ್ತೆ ಎಳೆದರು, ಮತ್ತೆ ಒತ್ತಿದರು. ಕ್ಲಿಪ್ಪು ಸುಮ್ಮನಿತ್ತು. ಮ್ಯಾನೇಜರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಪ್ರತಿ ಸಲ ಕಡಿಮೆ ಬರ್ತಿದೆ" ಎಂದಳು ಅಕ್ಕ, ತಕ್ಕಡಿಯಿಂದ ಕಣ್ಣು ಎತ್ತದೆ.

"ಹೌದು. ಕಡಿಮೆ ಕೊಡ್ತಿದ್ದೆ."

"ಎಲ್ಲರಿಗೂನಾ?"

"ಹೆಚ್ಚುಕಡಿಮೆ ಎಲ್ಲರಿಗೂ."

"ಟೈಲರ್ ಮನೆಯವರಿಗೂ?"

ಅಪ್ಪ ತಲೆ ಎತ್ತಿದರು. ಅಕ್ಕನ ಮುಖವನ್ನು ಹುಡುಕಿದರು. ಅದರಲ್ಲಿ ಹಿಂದಿನ ಒಂದು ಮುಖ ಸಿಕ್ಕಿತೇನೋ, ಕೈಯಲ್ಲಿದ್ದ ಸಿರಿಂಜನ್ನು ಮೆಲ್ಲಗೆ ತಟ್ಟೆಗೆ ಇಟ್ಟರು.

"ನೀನು ಅವರ ದೊಡ್ಡ ಮಗಳಾ?"

"ಹೌದು."

"ಅವರಿಗೂ" ಎಂದರು ಅಪ್ಪ.

ಮ್ಯಾನೇಜರಿಗೆ ತಲೆಬುಡ ತಿಳಿಯಲಿಲ್ಲ. "ನಿಮಗೆ ಇವರ ಪರಿಚಯ ಇದೆಯಾ?" ಎಂದು ಅಕ್ಕನನ್ನು ಕೇಳಿದರು.

"ನಮ್ಮ ಬೀದಿಗೆ ಇವರೇ ಡಾಕ್ಟ್ರು ಸರ್. ನಮ್ಮಮ್ಮ ಈಲಿ ಕೆಟ್ಟು ಹೋದ್ರಲ್ಲ, ಇವರ ಸೂಜಿಯಿಂದಲೇ."

ಮ್ಯಾನೇಜರು ನಿಧಾನವಾಗಿ ಕ್ಲಿಪ್ಪಮ್ಮನ ಕಡೆ ತಿರುಗಿದರು. ಅವರು ಏನನ್ನೂ ಕೇಳಲಿಲ್ಲ, ಬರೀ ನೋಡಿದರು. ಆಗ ಅವಳು ಬಾಯಿ ತೆರೆಯಬೇಕಿತ್ತು. ಇವರು ನಮ್ಮಪ್ಪ ಎಂಬ ಮಾತು ಅವಳ ಗಂಟಲಿನವರೆಗೂ ಬಂತು. ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತೇ ಹೊರತು ತಾನು ಬಾಯಿಬಿಡಲು ಆಗಲಿಲ್ಲ.

ಮಾತಾಡಿದವರು ಅಪ್ಪನೇ. "ಈ ಹುಡುಗಿಗೆ ಅದೇನೂ ಗೊತ್ತಿಲ್ಲ ಸರ್. ನಾನು ದೂರದ ಸಂಬಂಧ. ಬನ್ನಿ ಅಂದಳು, ಬಂದೆ."

ದೊಡ್ಡಪ್ಪನಾಗಿ ಒಳಗೆ ಬಂದವರು ಒಂದೇ ಮಾತಿನಲ್ಲಿ ದೂರದ ಸಂಬಂಧಿಯಾದರು. ಅವಳು ಅದನ್ನೂ ಕೇಳಿಸಿಕೊಂಡು ಸುಮ್ಮನೆ ನಿಂತಳು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅಪ್ಪ ಕಿಟಕಿಯ ಪಕ್ಕ ಕೂತರು. ಎಷ್ಟೋ ನಿಲ್ದಾಣಗಳು ಕಳೆದ ಮೇಲೆ, "ಕ್ಲಿಪ್ಪು ತಳದಲ್ಲಿ ಇಡಬೇಡ. ಒತ್ತೋಕೆ ಶುರು ಮಾಡಿದ ಕೂಡಲೇ ಹಿಡೀಬೇಕು. ಎಲ್ಲಿ ನಿಲ್ಲಿಸಿದ್ರೂ ಹಿಂದಕ್ಕೆ ಬರಬಾರದು" ಎಂದರು.

"ಅಪ್ಪ, ಅವತ್ತು ನಾನು..."

"ಎಷ್ಟು ದಿನ ಆಯ್ತು ನಾನು ಹೋಗಿ?"

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು, "ಕೆಲಸಕ್ಕೆ ಸೇರಿದ ದಿನದಿಂದ."

"ಏನಾಗಿತ್ತು ನನಗೆ?"

"ಯಾರೂ ಕೇಳಲಿಲ್ಲ."

"ಕೇಳಿದ್ರೆ ಹೃದಯ ಅಂದುಬಿಡು. ಅದಾದ್ರೆ ಮರ್ಯಾದಸ್ತ ರೋಗ" ಎಂದು ಅಪ್ಪ ಕಿಟಕಿಯ ಹೊರಗೆ ಮುಖ ಮಾಡಿದರು. ಅದು ತಮಾಷೆಗೆ ಅಂದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಕೋಟು ನೇತುಹಾಕುವ ಮೊದಲೇ ಅವಳು ಮ್ಯಾನೇಜರ ಕೋಣೆಗೆ ಹೋದಳು. ಕೂರು ಅಂದರು, ಕೂರಲಿಲ್ಲ. "ನಿನ್ನೆ ಬಂದಿದ್ದೋರು ನಮ್ಮಪ್ಪ ಸರ್. ಬದುಕಿದ್ದಾರೆ. ನಾನು ಸುಳ್ಳು ಹೇಳಿದ್ದೆ" ಎಂದಳು. ಮ್ಯಾನೇಜರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದೆಲ್ಲ ಅಂದುಕೊಂಡಿದ್ದಳು. ಅವರು ಹಣೆ ಒತ್ತಿಕೊಂಡು ಕೂತರು. "ಅಲ್ಲಮ್ಮ, ನಾನು ಅವರ ಮುಖ ನೋಡಿಕೊಂಡೇ ಹಾಗಂದುಬಿಟ್ಟೆನಲ್ಲ" ಎಂದರು. ನಾಚಿಕೆ ಅವರಿಗೂ ಅಂಟಿಕೊಂಡಿತ್ತು. ಆಮೇಲೆ ತಲೆ ಎತ್ತದೆ, "ಅಚ್ಚು ಬದಲಾಯಿಸೋಕೆ ಹೇಳ್ತೀನಿ. ಹೋಗು" ಎಂದರು.

ಟೆಸ್ಟಿಂಗ್ ಅಕ್ಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಕೈ ತೊಳೆಯುವ ಜಾಗದಲ್ಲಿ ಅಕ್ಕ ಒಬ್ಬಳೇ ಇದ್ದಾಗ ಪಕ್ಕದಲ್ಲಿ ಹೋಗಿ ನಿಂತಳು.

"ಅಕ್ಕ, ಅವರು ನನ್ನ..."

"ಗೊತ್ತು. ನೀನು ಸೇರಿದ ದಿನವೇ ಗುರುತು ಹಿಡಿದಿದ್ದೆ. ಆ ಬೆಂಚಿನ ಮೇಲೆ ಕಾಲು ಅಲ್ಲಾಡಿಸಿಕೊಂಡು ಕೂತಿರ್ತಿದ್ದ ಮಗು ನೀನು. ನಾನು ಮದುವೆಯಾಗಿ ಆ ಬೀದಿ ಬಿಟ್ಟ ಮೇಲೂ ಮರೆತಿಲ್ಲ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

ಅಕ್ಕ ನಲ್ಲಿ ನಿಲ್ಲಿಸಿದಳು. "ಅಪ್ಪ ತೀರಿಕೊಂಡ್ರು ಅಂತ ನೀನು ಹೇಳಿಕೊಂಡಿದ್ದು ಕಿವಿಗೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಸಮಾಧಾನ ಆಯ್ತು. ಮುಗೀತಲ್ಲ ಅಂತ. ಅವತ್ತಿಂದ ನಿನ್ನ ಪಕ್ಕ ಕೂತು ಊಟ ಮಾಡೋಕೆ ಆಗ್ತಿತ್ತು." ಕೈ ಒರೆಸಿಕೊಂಡಳು. "ನೆನ್ನೆ ಅವರು ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಹೇಗಾಗಿರಬೇಕು ಹೇಳು ನನಗೆ."

ತನ್ನ ಮಾನ ಮುಚ್ಚಿಕೊಳ್ಳಲು ಆಡಿದ ಒಂದು ಮಾತನ್ನು ಇನ್ನೊಬ್ಬಳು ಇಷ್ಟು ದಿನ ಮದ್ದಿನ ಹಾಗೆ ಕುಡಿಯುತ್ತಿದ್ದಳು ಎಂಬುದು ಕ್ಲಿಪ್ಪಮ್ಮನ ಊಹೆಗೂ ಬಂದಿರಲಿಲ್ಲ. ತಪ್ಪಾಯ್ತು ಅಂದರೆ ಯಾವ ತಪ್ಪಿಗೆ ಅನ್ನಬೇಕು, ಅದೇ ತಿಳಿಯದೆ ಒದ್ದೆ ಕೈಯಲ್ಲೇ ನಿಂತಳು.

"ಹೊಸದು ಮಾಡು. ಮಾಡಿ ಅವರ ಕೈಗೇ ಕೊಡು. ಅವರು ಸೋಲೋ ತನಕ ನಾನು ಪಾಸು ಮಾಡಲ್ಲ" ಎಂದು ಅಕ್ಕ ಹೊರಟುಹೋದಳು.

ಹೊಸ ಮಾದರಿಯ ಕಡ್ಡಿಗೆ ಉದ್ದಕ್ಕೂ ಸಣ್ಣ ಹಲ್ಲುಗಳಿದ್ದವು. ಒಮ್ಮೆ ಮದ್ದು ಎಳೆದುಕೊಳ್ಳಬಹುದು, ಒಮ್ಮೆ ಒತ್ತಬಹುದು. ಒತ್ತುವಾಗ ಎಲ್ಲಿ ನಿಲ್ಲಿಸಿದರೂ ಕ್ಲಿಪ್ಪು ಅಲ್ಲೇ ಕಚ್ಚಿ ಹಿಡಿಯುತ್ತಿತ್ತು. ಮದ್ದನ್ನು ಉಳಿಸಿಕೊಂಡರೂ ಮತ್ತೆ ತುಂಬಿಕೊಳ್ಳಲು ಬರುತ್ತಿರಲಿಲ್ಲ. ಅಪ್ಪ ಮತ್ತೆ ಬಂದರು. ಈ ಸಲ ಬಾಗಿಲಲ್ಲಿ ಕಾವಲುಗಾರ ಯಾರು ನೀವು ಎಂದಾಗ ಮಗಳೇ ಮುಂದೆ ಬಂದು ನಮ್ಮಪ್ಪ ಎಂದಳು. ಕಾವಲುಗಾರನಿಗೆ ಅವಳ ಹಳೆಯ ಸುಳ್ಳು ಗೊತ್ತಿತ್ತೋ ಏನೋ, ಇಬ್ಬರನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿ ಒಳಗೆ ಬಿಟ್ಟ. ಅವಳ ಕೆನ್ನೆ ಉರಿಯಿತು.

ಅಪ್ಪ ಆ ಮಾದರಿಯನ್ನು ಒಂದೆರಡು ಸಲ ತಿರುಗಿಸಿ ನೋಡಿ, "ಬಿಸಿನೀರು ಸಿಗುತ್ತಾ?" ಎಂದರು. ಅಕ್ಕ ತರಿಸಿದಳು. ಸಿರಿಂಜನ್ನು ಅದರಲ್ಲಿ ಅದ್ದಿಟ್ಟು, ಕೊಳವೆ ಮೆತ್ತಗಾದ ಮೇಲೆ ಎರಡು ಬೆರಳಲ್ಲಿ ಹಿಂಡಿ ಹಿಡಿದು ಕಡ್ಡಿಯನ್ನು ತಿರುಚುತ್ತಾ ಎಳೆದರು. ಕ್ಲಿಪ್ಪು ಜಾರಿತು, ಕಡ್ಡಿ ಹಿಂದಕ್ಕೆ ಬಂತು. ಗೆದ್ದವರ ಮುಖದಲ್ಲಿ ಗೆಲುವಿನ ಚಹರೆಯೇ ಇರಲಿಲ್ಲ. ತಮ್ಮ ಕೈಯನ್ನು ತಾವೇ ಬೇರೆಯವರದೆಂಬಂತೆ ನೋಡಿಕೊಂಡರು.

"ಹೀಗೂ ಮಾಡ್ತಿದ್ರಾ?" ಎಂದಳು ಅಕ್ಕ.

"ಕಡ್ಡಿ ಬಿಗಿಯಾದ್ರೆ ಹೀಗೆ ಸಡಿಲ ಮಾಡಿಕೊಳ್ತಿದ್ದೆ."

"ಸರಿ" ಎಂದಳು ಅಕ್ಕ. ಅಷ್ಟೇ.

ಕ್ಲಿಪ್ಪಿನ ಕಾಲುಗಳನ್ನು ಚೂಪು ಮಾಡಿ, ಕೊಳವೆಯ ಒಳಮೈಗೆ ನಾಟುವಂತೆ ಮಾಡಿದರು. ಕೊಳವೆ ಮೆತ್ತಗಾದಷ್ಟೂ ಅವು ಇನ್ನಷ್ಟು ಆಳಕ್ಕೆ ಕಚ್ಚುತ್ತಿದ್ದವು. ಈ ನಡುವೆ ಅಪ್ಪ ಆ ಕೋಣೆಗೆ ಹಲವು ಸಲ ಬಂದುಹೋದರು. ಅವರೂ ಅಕ್ಕನೂ ಒಂದೇ ಮೇಜಿನ ಆಚೀಚೆ ಕೂರುತ್ತಿದ್ದರು. ಬೇಕಾದಷ್ಟೇ ಮಾತು. ಅವಳು ಅವರಿಗೆ ಟೀ ಹೇಳಲಿಲ್ಲ, ಅವರು ಅವಳ ಮನೆಯವರ ಯೋಗಕ್ಷೇಮ ಕೇಳಲಿಲ್ಲ. ಕೇಳುವ ಮುಖ ತಮಗಿಲ್ಲ ಎಂದು ಮಗಳ ಬಳಿ ಅಂದಿದ್ದರು.

ಕೊನೆಯ ಮಾದರಿಯ ಜೊತೆ ಅಪ್ಪ ಇಡೀ ಮಧ್ಯಾಹ್ನ ಗುದ್ದಾಡಿದರು. ಬಿಸಿನೀರು, ತಣ್ಣೀರು, ಎಣ್ಣೆ, ತಿರುಚುವುದು, ಬಡಿಯುವುದು. ಒಂದು ಕಡ್ಡಿ ಮುರಿಯಿತು, ಒಂದು ಕೊಳವೆ ಸೀಳಿತು, ಆದರೆ ಒಂದೂ ಎರಡನೇ ಸಲ ನೀರು ಕುಡಿಯಲಿಲ್ಲ. ಬೆರಳುಗಳು ಕೆಂಪಾದವು. "ಇನ್ನೊಂದು ಸಲ ನೋಡಿ" ಎಂದಳು ಅಕ್ಕ. ನೋಡಿದರು. "ಇನ್ನೊಂದು ಸಲ." ಮತ್ತೆ ನೋಡಿದರು. ಸಾಕು ಎನ್ನಲು ಮಗಳು ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಸುಮ್ಮನಾದಳು.

"ಇಲ್ಲಮ್ಮ. ನನ್ನ ಕೈಯಲ್ಲಿ ಆಗಲ್ಲ" ಎಂದರು ಅಪ್ಪ.

ಅಕ್ಕ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಮುರಿದ ಚೂರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ, ಚೂರುಗಳಿಗೇ ಹೇಳುವಂತೆ ಹೇಳಿದಳು. "ನಮ್ಮಮ್ಮ ನಿಮ್ಮ ಕೈ ಹಗುರ ಅಂತಿದ್ರು. ಸೂಜಿ ಹೋಗಿದ್ದೇ ಗೊತ್ತಾಗಲ್ಲ ಅಂತಿದ್ರು. ಹಾಸಿಗೆ ಹಿಡಿದ ಮೇಲೂ, ಆ ಡಾಕ್ಟ್ರನ್ನೇ ಕರೀರಿ ಅಂತಿದ್ರು. ನಿಮ್ಮನ್ನ ಒಂದು ದಿನಾನೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಅಪ್ಪ ಎದ್ದು ನಿಂತರು. ಅವರ ತಲೆ ತಗ್ಗಿದ್ದು ಮತ್ತೆ ಏಳಲಿಲ್ಲ. ಗೇಟಿನವರೆಗೂ ನೆಲ ನೋಡಿಕೊಂಡೇ ನಡೆದರು, ಮಗಳು ತೋಳು ಹಿಡಿದುಕೊಂಡಳು.

ಸಿರಿಂಜು ಪಾಸಾಯಿತು. ಅಕ್ಕ ಅಪ್ಪನನ್ನು ಮತ್ತೆ ಕರೆಸಲಿಲ್ಲ. ಊಟದ ಹೊತ್ತಿಗೆ ಕ್ಲಿಪ್ಪಮ್ಮನ ಪಕ್ಕ ಕೂರುವುದನ್ನೂ ಬಹಳ ದಿನ ಬಿಟ್ಟಿದ್ದಳು. ಒಂದು ದಿನ ಬೇರೆಲ್ಲೂ ಜಾಗವಿಲ್ಲದೆ ಬಂದು ಕೂತಳು. ಆಮೇಲೆ ಜಾಗ ಇದ್ದಾಗಲೂ ಒಮ್ಮೊಮ್ಮೆ ಕೂರುತ್ತಿದ್ದಳು. ಅದಕ್ಕಿಂತ ಹೆಚ್ಚಿನದನ್ನು ಕ್ಲಿಪ್ಪಮ್ಮ ಬಯಸಲಿಲ್ಲ.

ಹೊಸ ಸಿರಿಂಜು ಹಳೆಯದರಷ್ಟು ಸಲೀಸಲ್ಲ. ಒಂದೇ ಸಲಕ್ಕೆ ಸರಿಯಾಗಿ ಎಳೆಯಬೇಕು, ತಪ್ಪಿದರೆ ಎಸೆಯಬೇಕು. ಅದನ್ನು ಕಲಿಸಲು ಕಾರ್ಖಾನೆಯವರು ಕ್ಲಿಪ್ಪಮ್ಮನನ್ನು ಆಸ್ಪತ್ರೆಗಳಿಗೆ ಕಳಿಸತೊಡಗಿದರು. ಪ್ರತಿ ಕಡೆಯೂ ಯಾರಾದರೊಬ್ಬ ನರ್ಸು, "ಇಷ್ಟು ಬಿಗಿ ಯಾಕೆ? ಯಾರು ಈಗ ಮತ್ತೆ ಬಳಸ್ತಾರೆ?" ಎಂದು ಮೂಗು ಮುರಿಯುತ್ತಿದ್ದಳು. ಆಗ ಅವಳು, "ನಮ್ಮಪ್ಪ ಬಳಸ್ತಿದ್ರು" ಎಂದು ಹೇಳುತ್ತಿದ್ದಳು. ಹೇಳಿ ಹೇಳಿ ಅಭ್ಯಾಸವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಪ್ರತಿ ಸಲವೂ ಎದುರಿಗಿದ್ದವರು ಎತ್ತ ನೋಡಬೇಕೆಂದು ತಿಳಿಯದೆ ತಮ್ಮ ಕೈಯ ಸಿರಿಂಜನ್ನು ನೋಡುತ್ತಿದ್ದರು. ಆದರೆ ಆಮೇಲೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಕಡ್ಡಿ ತುಂಬ ಬಿಗಿ ಅಂದ್ರು."

"ಬಿಗಿಯಾಗೇ ಇರಲಿ" ಎಂದು ಅಪ್ಪ ಕಾಲು ಮಡಚಿ, ಅವಳು ಒಳಗೆ ಹೋಗಲು ದಾರಿ ಬಿಡುತ್ತಿದ್ದರು.